ಕ್ಯಾಪ್ಟನ್ ಹಡಗು ನಡೆಸುತ್ತಾರೆ, ಸಂಶೋಧನೆ ನಡೆಸುವವರು ಯಾರು? ಕಡಲಿನಲ್ಲಿ ಮುಂದಾಳಾಗಲು ಯುವ ವಿಜ್ಞಾನಿಗಳು ಕಲಿಯುವ ಬಗೆ

2025ರ ಆಗಸ್ಟ್‌ನಲ್ಲಿ ಭಾರತದ ಇಬ್ಬರು ಫ್ರಾನ್ಸ್‌ನ ‘ನೋಟೀಲ್’ ಎಂಬ ಪುಟ್ಟ ಜಲಾಂತರ್ವಾಹನದಲ್ಲಿ ಅಟ್ಲಾಂಟಿಕ್ ಸಾಗರದ ಆಳಕ್ಕೆ ಇಳಿದರು. ಒಬ್ಬರು 4,000 ಮೀಟರ್ ದಾಟಿದರು, ಇನ್ನೊಬ್ಬರು 5,000 ಮೀಟರ್ ದಾಟಿದರು. ನಮ್ಮದೇ ‘ಮತ್ಸ್ಯ 6000’ ಕೂಡ ತಯಾರಾಗುತ್ತಿದೆ. ಮೂವರನ್ನು ಕೂರಿಸಿಕೊಂಡು 6,000 ಮೀಟರ್ ಆಳಕ್ಕೆ ಹೋಗುವ ವಾಹನ ಅದು. 2021ರಲ್ಲಿ ಕೇಂದ್ರ ಸರ್ಕಾರ 4,077 ಕೋಟಿ ರೂಪಾಯಿಯ ಆಳ ಸಾಗರ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ ಕಡಲಿನ ಸುದ್ದಿ ಪತ್ರಿಕೆಗಳಲ್ಲಿ ಜಾಸ್ತಿ ಬರುತ್ತಿದೆ.

ಫೋಟೋಗಳಲ್ಲಿ ಕಾಣುವುದು ಆ ವಾಹನ. ಆದರೆ ಅದನ್ನು ನೀರಿಗೆ ಇಳಿಸುವುದು ಒಂದು ಹಡಗು. ಆ ಹಡಗಿನಲ್ಲಿ ಹತ್ತಾರು ಜನ ಇರುತ್ತಾರೆ. ಎಲ್ಲಿ ನಿಲ್ಲಬೇಕು, ಏನನ್ನು ಮೊದಲು ಇಳಿಸಬೇಕು, ಗಾಳಿ ಎದ್ದರೆ ಯಾವ ಕೆಲಸ ಬಿಡಬೇಕು ಅಂತ ಯಾರೋ ಒಬ್ಬರು ತೀರ್ಮಾನ ಮಾಡಲೇಬೇಕು. ಅವರಿಗೆ ‘ಚೀಫ್ ಸೈಂಟಿಸ್ಟ್’ ಅಂತ ಹೆಸರು. ನಾವು ಮುಖ್ಯ ವಿಜ್ಞಾನಿ ಎನ್ನಬಹುದು. ಪಿಎಚ್‌ಡಿ ಮುಗಿಸಿ ಕೆಲವೇ ವರ್ಷ ಆದವರೂ ಈ ಜಾಗಕ್ಕೆ ಬರುತ್ತಾರೆ. ಹಾಗಿದ್ದರೂ ಈ ಕೆಲಸವನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. ಮತ್ತೆ ಕಲಿಯುವುದು ಹೇಗೆ?

ತಂಡೇಲನ ಕೆಲಸ ಇಬ್ಬರಿಗೆ ಹಂಚಿದಾಗ

ಮಲ್ಪೆ, ಹೊನ್ನಾವರ, ಕಾರವಾರದ ಕಡೆ ಮೀನುಗಾರಿಕೆ ದೋಣಿಗೆ ಒಬ್ಬ ತಂಡೇಲ ಇರುತ್ತಾನೆ. ದೋಣಿಯನ್ನು ಸುರಕ್ಷಿತವಾಗಿ ನಡೆಸುವುದು ಅವನ ಹೊಣೆ. ಬಲೆ ಎಲ್ಲಿ ಬೀಸಬೇಕು, ಯಾವಾಗ ಎಳೆಯಬೇಕು ಎನ್ನುವುದೂ ಅವನದೇ ಮಾತು. ಸಂಶೋಧನಾ ಹಡಗಿನಲ್ಲಿ ಈ ಎರಡು ಕೆಲಸ ಇಬ್ಬರ ಪಾಲಾಗುತ್ತವೆ. ಹಡಗು ಮತ್ತು ಅದರಲ್ಲಿರುವವರ ಜೀವದ ಹೊಣೆ ಕ್ಯಾಪ್ಟನ್‌ದು. ಎಲ್ಲಿ, ಏನು, ಯಾವ ಕ್ರಮದಲ್ಲಿ ಅಳೆಯಬೇಕು ಎನ್ನುವುದು ಮುಖ್ಯ ವಿಜ್ಞಾನಿಯದು.

ಇಬ್ಬರ ಮಾತು ಬೇರೆಯಾದರೆ? ಸುರಕ್ಷತೆಯ ವಿಷಯದಲ್ಲಿ ಕ್ಯಾಪ್ಟನ್ ಮಾತೇ ಕೊನೆ. ‘ಅಲೆ ದೊಡ್ಡದಾಗಿದೆ, ಉಪಕರಣ ಇಳಿಸುವುದು ಬೇಡ’ ಅಂತ ಅವರು ಹೇಳಿದರೆ ಅಲ್ಲಿಗೆ ಮುಗಿಯಿತು. ಯಾರಿಗಾದರೂ ಹುಷಾರಿಲ್ಲದೆ ದಡಕ್ಕೆ ಮರಳಬೇಕಾಗಿ ಬಂದರೆ, ಎಷ್ಟೇ ಕೆಲಸ ಬಾಕಿ ಇದ್ದರೂ ಹಡಗು ತಿರುಗುತ್ತದೆ. ಆದರೆ ಉಳಿದ ಸಮಯವನ್ನು ಹೇಗೆ ಬಳಸಬೇಕು ಅಂತ ಕ್ಯಾಪ್ಟನ್ ಹೇಳುವುದಿಲ್ಲ. ಅದನ್ನು ಮುಖ್ಯ ವಿಜ್ಞಾನಿಯೇ ಹೇಳಬೇಕು, ಅದೂ ಬೇಗ ಹೇಳಬೇಕು.

ಈ ಇಬ್ಬರ ನಂಟು ಎಷ್ಟು ಗಟ್ಟಿಯಾಗಿರಬೇಕು ಎನ್ನುವುದಕ್ಕೆ ನೂರು ವರ್ಷದ ಹಿಂದಿನ ಒಂದು ಘಟನೆ ಇದೆ. 1925ರಲ್ಲಿ ಜರ್ಮನಿಯ ‘ಮೆಟಿಯೋರ್’ ಹಡಗು ದಕ್ಷಿಣ ಅಟ್ಲಾಂಟಿಕ್ ಸಾಗರವನ್ನು ಅಳೆಯಲು ಹೊರಟಿತು. ಯೋಜನೆಯೆಲ್ಲ ಆಲ್ಫ್ರೆಡ್ ಮೆರ್ಟ್ಸ್ ಎಂಬ ವಿಜ್ಞಾನಿಯದು. ಹೊರಟ ಕೆಲವೇ ತಿಂಗಳಲ್ಲಿ ಅವರು ಕಾಯಿಲೆ ಬಿದ್ದು ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡರು. ಆಗ ಕ್ಯಾಪ್ಟನ್ ಫ್ರಿಟ್ಜ್ ಸ್ಪೀಸ್ ವಿಜ್ಞಾನದ ಹೊಣೆಯನ್ನೂ ಹೊತ್ತುಕೊಂಡು 1927ರವರೆಗೆ ಕೆಲಸ ನಡೆಸಿದರು. ಆ ಯಾನದಲ್ಲಿ ಧ್ವನಿಯ ಮೂಲಕ 67,000ಕ್ಕೂ ಹೆಚ್ಚು ಕಡೆ ಆಳ ಅಳೆದರು. ಮೆರ್ಟ್ಸ್ ಯೋಜನೆಯನ್ನು ಅಷ್ಟು ಬಿಡಿಸಿ ಬರೆದಿಡದೆ ಹೋಗಿದ್ದರೆ, ಕ್ಯಾಪ್ಟನ್ ಜೊತೆ ಮೊದಲೇ ಕೂತು ಮಾತಾಡದೆ ಹೋಗಿದ್ದರೆ, ಅದು ಅಷ್ಟು ದೂರ ಹೋಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ

ಮುಖ್ಯ ವಿಜ್ಞಾನಿಯ ಕಷ್ಟ ಏನು ಅಂತ ಮಾತಿಗಿಂತ ಲೆಕ್ಕದಲ್ಲಿ ಬೇಗ ಗೊತ್ತಾಗುತ್ತದೆ. ಒಂದು ಉದಾಹರಣೆ ಕಟ್ಟೋಣ.

ನಿಮಗೆ 14 ದಿನದ ಹಡಗು ಸಿಕ್ಕಿದೆ. ಗೋವಾದ ಮರ್ಮಗೋವಾ ಬಂದರಿನಿಂದ ಹೊರಡುತ್ತೀರಿ. ನೀವು ಅಳೆಯಬೇಕಾದ ಜಾಗ ಅರಬ್ಬಿ ಸಮುದ್ರದ ನಡುವೆ, 600 ನಾಟಿಕಲ್ ಮೈಲಿ ದೂರದಲ್ಲಿದೆ. ಅಂದರೆ ಸುಮಾರು 1,100 ಕಿಲೋಮೀಟರ್. ಹಡಗು ಗಂಟೆಗೆ 10 ನಾಟಿಕಲ್ ಮೈಲಿ ಹೋಗುತ್ತದೆ ಎಂದುಕೊಳ್ಳಿ. ಹತ್ತಿರಹತ್ತಿರ ಸೈಕಲ್ ತುಳಿಯುವ ವೇಗ. ಹೋಗಲು 60 ಗಂಟೆ, ಬರಲು 60 ಗಂಟೆ. ಐದು ದಿನ ಬರೀ ಓಡಾಟಕ್ಕೆ ಹೋಯಿತು. ಉಳಿದದ್ದು ಒಂಬತ್ತು ದಿನ, ಅಂದರೆ 216 ಗಂಟೆ.

ನಿಮ್ಮ ಪಟ್ಟಿಯಲ್ಲಿ 20 ಜಾಗಗಳಿವೆ. ಹಡಗು ನಿಲ್ಲಿಸಿ ಅಳತೆ ಮಾಡುವ ಇಂಥ ಜಾಗಕ್ಕೆ ‘ಸ್ಟೇಷನ್’ ಎನ್ನುತ್ತಾರೆ. ಅಲ್ಲಿ ಕಡಲಿನ ಆಳ 4,000 ಮೀಟರ್. ಪ್ರತಿ ಸ್ಟೇಷನ್‌ನಲ್ಲಿ ನೀರಿನ ಮಾದರಿ ತೆಗೆಯಲು 3 ಗಂಟೆ, ಸಣ್ಣ ಜೀವಿಗಳ ಬಲೆ ಎಳೆಯಲು 2 ಗಂಟೆ, ತಳದ ಕೆಸರು ತರಲು 3 ಗಂಟೆ. ಒಟ್ಟು 8 ಗಂಟೆ. ಇಪ್ಪತ್ತು ಸ್ಟೇಷನ್‌ಗೆ 160 ಗಂಟೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಮೂರು ಗಂಟೆಯಂತೆ 19 ಸಲಕ್ಕೆ 57 ಗಂಟೆ. ಎರಡನ್ನೂ ಕೂಡಿಸಿ: 217.

ಇರುವುದು 216. ಇನ್ನೂ ಮಳೆ ಬಂದಿಲ್ಲ, ಗಾಳಿ ಎದ್ದಿಲ್ಲ, ಉಪಕರಣದ ತಂತಿಯನ್ನು ಇಳಿಸಿ ಎಳೆಯುವ ಯಂತ್ರ, ಅಂದರೆ ವಿಂಚ್, ಕೆಟ್ಟಿಲ್ಲ. ಯಾರೂ ತಪ್ಪು ಮಾಡಿಲ್ಲ. ಆಗಲೇ ಸಮಯ ಸಾಲುತ್ತಿಲ್ಲ.

ಹಾಗಾಗಿ ಅನುಭವ ಇರುವವರು ಹೊರಡುವ ಮೊದಲೇ ‘ಇಪ್ಪತ್ತರಲ್ಲಿ ಯಾವ ಹನ್ನೆರಡು ಇಲ್ಲದೆ ನನ್ನ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ?’ ಎಂದು ಕೇಳಿಕೊಳ್ಳುತ್ತಾರೆ. ಆ ಹನ್ನೆರಡನ್ನು ಮೊದಲು ಮುಗಿಸುವ ಹಾಗೆ ದಾರಿ ಹಾಕುತ್ತಾರೆ. ಉಳಿದವು ಸಮಯ ಮಿಕ್ಕಿದರೆ. ಎರಡನೆಯ ಯೋಜನೆ, ಮೂರನೆಯ ಯೋಜನೆ ಕೂಡ ಕೈಯಲ್ಲಿರುತ್ತದೆ. ಹೊಸಬರು ಸಾಮಾನ್ಯವಾಗಿ ಎಲ್ಲವನ್ನೂ ಮಾಡಲು ಹೋಗುತ್ತಾರೆ. ಯಾವುದನ್ನು ಬಿಡಬೇಕು ಎನ್ನುವುದೇ ಈ ಕೆಲಸದ ಅತಿ ಕಷ್ಟದ ಪಾಠ. ಏಕೆಂದರೆ ಬಿಡುವ ಪ್ರತಿ ಸ್ಟೇಷನ್ ಹಿಂದೆಯೂ ಯಾರೋ ಒಬ್ಬರ ಪಿಎಚ್‌ಡಿಯ ಒಂದು ಅಧ್ಯಾಯ ಇರುತ್ತದೆ.

ಹಣದ ಮಾತೂ ಇದೆ. ಅಮೆರಿಕದ ದೊಡ್ಡ ಸಂಶೋಧನಾ ಹಡಗು ಒಂದು ದಿನ ಕಡಲಲ್ಲಿರಲು ಹತ್ತಾರು ಸಾವಿರ ಡಾಲರ್ ಬೇಕು. ಒಂದು ದಿನ ಸುಮ್ನೆ ಹಾಳಾದರೆ ಅದನ್ನು ಮತ್ತೆ ಕೇಳಿ ಪಡೆಯಲು ವರ್ಷಗಳೇ ಬೇಕಾಗಬಹುದು.

ರಾತ್ರಿ ಎರಡು ಗಂಟೆಗೆ ಡೆಕ್ ಮೇಲೆ

ಹಡಗಿನಲ್ಲಿ ಹಗಲು ರಾತ್ರಿ ಎನ್ನದೆ ಕೆಲಸ ನಡೆಯುತ್ತದೆ. ಜನ ಪಾಳಿಯಲ್ಲಿ ದುಡಿಯುತ್ತಾರೆ. ಅಲ್ಲಿ ಏನಾಗುತ್ತದೆ ಅಂತ ಒಂದನ್ನಾದರೂ ಹತ್ತಿರದಿಂದ ನೋಡೋಣ.

ನೀರಿನ ಮಾದರಿ ತರುವ ಉಪಕರಣಕ್ಕೆ ‘ಸಿಟಿಡಿ’ ಎನ್ನುತ್ತಾರೆ. ನೀರಿನ ಉಪ್ಪು, ಉಷ್ಣತೆ ಮತ್ತು ಆಳವನ್ನು ಅದು ಇಳಿಯುತ್ತಲೇ ಅಳೆಯುತ್ತದೆ. ಆಳಿನೆತ್ತರದ ದುಂಡನೆಯ ಲೋಹದ ಚೌಕಟ್ಟು. ಅದರ ಸುತ್ತ 24 ಉದ್ದನೆಯ ಬಾಟಲಿಗಳು. ಒಂದೊಂದರಲ್ಲೂ ಹತ್ತು ಲೀಟರ್ ನೀರು ಹಿಡಿಯುತ್ತದೆ. ಇಳಿಯುವಾಗ ಬಾಟಲಿಗಳ ಎರಡೂ ಬಾಯಿ ತೆರೆದಿರುತ್ತವೆ. ಮೇಲೆ ಬರುವಾಗ ಬೇಕಾದ ಆಳದಲ್ಲಿ ಹಡಗಿನಿಂದ ಸಂಕೇತ ಕೊಟ್ಟರೆ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ವಿಂಚ್ ನಿಮಿಷಕ್ಕೆ 60 ಮೀಟರ್ ತಂತಿ ಬಿಟ್ಟರೆ 4,000 ಮೀಟರ್ ಇಳಿಯಲು ಒಂದು ಗಂಟೆ ಏಳು ನಿಮಿಷ ಬೇಕು. ಮೇಲೆ ಬರುವಾಗ ಬಾಟಲಿಗಾಗಿ ನಿಲ್ಲಬೇಕು, ಹಾಗಾಗಿ ಇನ್ನೂ ಜಾಸ್ತಿ. ಮೇಲೆ ಲೆಕ್ಕ ಹಾಕಿದ ಮೂರು ಗಂಟೆ ಬಂದದ್ದು ಹೀಗೆ.

ಚೌಕಟ್ಟು ಡೆಕ್ ಮೇಲೆ ಬಂದು ಕೂತಾಗ ಅದರ ಮುಂದೆ ಸಾಲು ಶುರುವಾಗುತ್ತದೆ. ಬೇಸಿಗೆಯಲ್ಲಿ ಊರಿನ ನಲ್ಲಿ ಮುಂದೆ ಕೊಡಗಳ ಸಾಲು ನಿಲ್ಲುತ್ತದಲ್ಲ, ಹಾಗೆ. ಎಲ್ಲರಿಗೂ ನೀರು ಬೇಕು, ಇರುವುದು ಬಾಟಲಿಗೆ ಹತ್ತೇ ಲೀಟರ್. ಆದರೆ ಈ ಸಾಲಿಗೆ ಒಂದು ಕ್ರಮ ಇದೆ. ಆಮ್ಲಜನಕ ಅಳೆಯುವವರು ಮೊದಲು, ಏಕೆಂದರೆ ಬಾಟಲಿ ತೆರೆದ ಕ್ಷಣದಿಂದ ಹೊರಗಿನ ಗಾಳಿ ನೀರಿಗೆ ಸೇರತೊಡಗುತ್ತದೆ. ಆಮೇಲೆ ಇಂಗಾಲದ ಡೈಆಕ್ಸೈಡ್‌ನವರು. ಪೋಷಕಾಂಶ ನೋಡುವವರು ಅವರ ಹಿಂದೆ. ಉಪ್ಪು ಅಳೆಯುವವರು ಕೊನೆಗೆ. ಉಪ್ಪು ಎಲ್ಲಿಗೂ ಹಾರಿ ಹೋಗುವುದಿಲ್ಲ, ಅವರು ಕಾಯಬಹುದು. ಯಾರಿಗೆ ಎಷ್ಟು ಲೀಟರ್ ಎನ್ನುವ ಹಂಚಿಕೆಗೆ ‘ವಾಟರ್ ಬಜೆಟ್’ ಅಂತಲೇ ಹೆಸರಿದೆ. ಅದನ್ನು ಹೊರಡುವ ಮೊದಲೇ ಬರೆದು, ಎಲ್ಲರ ಒಪ್ಪಿಗೆ ಪಡೆಯುವುದು ಮುಖ್ಯ ವಿಜ್ಞಾನಿಯ ಕೆಲಸ. ಬರೆಯದೆ ಹೋದರೆ ರಾತ್ರಿ ಎರಡು ಗಂಟೆಗೆ, ನಿದ್ದೆಗೆಟ್ಟ ಜನರ ನಡುವೆ ಆ ಚರ್ಚೆ ನಡೆಯುತ್ತದೆ.

ಈ ಸಾಲಿನಲ್ಲೇ ಕೈ ಕಲಿಯುವ ಪಾಠಗಳೂ ಇವೆ. 4,000 ಮೀಟರ್ ಆಳದ ನೀರು ಫ್ರಿಜ್‌ನಲ್ಲಿಟ್ಟ ನೀರಿಗಿಂತ ತಣ್ಣಗೆ, ಸುಮಾರು 2 ಡಿಗ್ರಿ. ಅಲ್ಲಿಂದ ಬಂದ ಬಾಟಲಿ ಬೆವರುತ್ತಿರಬೇಕು. ಮುಟ್ಟಿದಾಗ ಬೆಚ್ಚಗಿದ್ದರೆ, ಅದು ಆಳದಲ್ಲಿ ಮುಚ್ಚಿಕೊಂಡಿಲ್ಲ, ಮೇಲಿನ ನೀರು ತುಂಬಿದೆ ಅಂತ ಅರ್ಥ. ಆಮ್ಲಜನಕ ಪರೀಕ್ಷೆಗೆ ಗಾಜಿನ ಸಣ್ಣ ಬಾಟಲಿಗೆ ನೀರು ಹಿಡಿದು ಎರಡು ರಾಸಾಯನಿಕ ಹಾಕುತ್ತಾರೆ. ಮೇಲ್ಮೈ ನೀರಾದರೆ ಕಂದು ಬಣ್ಣದ ಗಸಿ ಕೂರುತ್ತದೆ. ಅರಬ್ಬಿ ಸಮುದ್ರದಲ್ಲಿ ಕೆಲವು ನೂರು ಮೀಟರ್ ಆಳದಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಂಥ ಪದರ ಇದೆ. ಅಲ್ಲಿನ ನೀರಾದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಯಂತ್ರ ಕೊಡುವ ಅಂಕಿಯನ್ನು ನಂಬಬೇಕೋ ಬೇಡವೋ ಅಂತ ಇಂಥ ಗುರುತುಗಳೇ ಹೇಳುತ್ತವೆ. ಈಗ ಮುಖ್ಯ ವಿಜ್ಞಾನಿ ತೀರ್ಮಾನಿಸಬೇಕು. ಬಾಟಲಿ ಒಂದು ಸರಿಯಾಗಿ ಮುಚ್ಚಿಲ್ಲ. ಇನ್ನೊಮ್ಮೆ ಇಳಿಸಬೇಕೋ, ಇದ್ದುದರಲ್ಲೇ ಮುಂದೆ ಹೋಗಬೇಕೋ? ಇನ್ನೊಮ್ಮೆ ಅಂದರೆ ಮತ್ತೆ ಮೂರು ಗಂಟೆ.

ಹೊರಡುವ ಮುಂಚೆ ಕಾಗದದ ಕೆಲಸ

ಹಡಗು ಬೇಕು ಅಂತ ಅರ್ಜಿ ಹಾಕಿದ ಮೇಲೆ ಅದು ಸಿಗಲು ಸಾಮಾನ್ಯವಾಗಿ ಒಂದೆರಡು ವರ್ಷ ಹಿಡಿಯುತ್ತದೆ. ಅರ್ಜಿಯಲ್ಲಿ ದಿನಗಳ ಲೆಕ್ಕ, ಬೇಕಾದ ವಿಂಚ್, ಕ್ರೇನ್, ಜನರ ಸಂಖ್ಯೆ, ರಾಸಾಯನಿಕಗಳ ಪಟ್ಟಿ ಎಲ್ಲವೂ ಇರಬೇಕು. ಋತುವನ್ನೂ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದಲ್ಲಿ ಮುಂಗಾರಿನ ಅಬ್ಬರ. ಆಗ ಕೆಲಸ ಕಷ್ಟ. ಆದರೆ ಮುಂಗಾರನ್ನೇ ಅರಿಯಬೇಕು ಎನ್ನುವವರು ಆಗಲೇ ಹೋಗಬೇಕು.

ಕಾನೂನಿನ ಒಂದು ಮಾತು ಇಲ್ಲಿ ತಿಳಿದಿರಬೇಕು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಪ್ರಕಾರ ಕರಾವಳಿಯಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗಿನ ಕಡಲಿನ ಸಂಪತ್ತಿನ ಮೇಲೆ ಆಯಾ ದೇಶಕ್ಕೆ ಹಕ್ಕಿದೆ. ಬೇರೆ ದೇಶದ ಆ ಭಾಗದಲ್ಲಿ ಸಂಶೋಧನೆ ಮಾಡಬೇಕಾದರೆ ಆ ದೇಶದ ಒಪ್ಪಿಗೆ ಬೇಕು. ಕನಿಷ್ಠ ಆರು ತಿಂಗಳು ಮೊದಲು ಪೂರ್ತಿ ವಿವರ ಕೊಡಬೇಕು. ಆ ದೇಶದ ವಿಜ್ಞಾನಿಗಳು ಬಯಸಿದರೆ ಪಾಲ್ಗೊಳ್ಳಲು ಅವಕಾಶ ಕೊಡಬೇಕು. ಆಮೇಲೆ ಫಲಿತಾಂಶವನ್ನೂ ಹಂಚಿಕೊಳ್ಳಬೇಕು. ಇದು ಗೊತ್ತಿಲ್ಲದೆ ನಕ್ಷೆಯ ಮೇಲೆ ಸ್ಟೇಷನ್ ಗುರುತು ಹಾಕಿದರೆ ಆ ಭಾಗವೇ ಕೈತಪ್ಪುತ್ತದೆ.

ಹಾಗಾದರೆ ತರಬೇತಿ ಹೇಗಿರುತ್ತದೆ?

ಹಿಂದೆ ಈ ಕೆಲಸ ಕಲಿಯಲು ಒಂದೇ ದಾರಿ ಇತ್ತು. ತಂಡೇಲನಾಗುವ ಹುಡುಗ ಮೊದಲು ದೋಣಿಯಲ್ಲಿ ಅಡುಗೆ ಮಾಡಿ, ಆಮೇಲೆ ಬಲೆ ಎಳೆದು, ನಂತರ ಚುಕ್ಕಾಣಿ ಹಿಡಿಯುತ್ತಿದ್ದ ಹಾಗೆ, ವಿದ್ಯಾರ್ಥಿ ತನ್ನ ಗುರುವಿನ ಜೊತೆ ನಾಲ್ಕಾರು ಸಲ ಹಡಗು ಹತ್ತಿ ನೋಡಿ ಕಲಿಯಬೇಕಿತ್ತು. ಒಳ್ಳೆಯ ದಾರಿಯೇ. ಆದರೆ ಅದು ಹಡಗು ಇರುವ ಸಂಸ್ಥೆಯಲ್ಲಿ, ಹಡಗು ಸಿಗುವ ಗುರುವಿನ ಕೈಕೆಳಗೆ ಓದಿದವರಿಗೆ ಮಾತ್ರ ತೆರೆದಿತ್ತು. ಕಡಲೇ ಇಲ್ಲದ ಊರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿದ ಯುವ ಪ್ರಾಧ್ಯಾಪಕಿಗೆ ಒಳ್ಳೆಯ ಪ್ರಶ್ನೆ ಹೊಳೆದರೂ ಹಡಗು ಕೇಳಲು ಧೈರ್ಯ ಸಾಲುತ್ತಿರಲಿಲ್ಲ.

ಅಮೆರಿಕದಲ್ಲಿ ಸಂಶೋಧನಾ ಹಡಗುಗಳನ್ನು ವಿಶ್ವವಿದ್ಯಾಲಯಗಳು ಮತ್ತು ಪ್ರಯೋಗಾಲಯಗಳು ಹಂಚಿಕೊಂಡು ಬಳಸುತ್ತವೆ. 1970ರ ದಶಕದ ಆರಂಭದಲ್ಲಿ ಹುಟ್ಟಿದ ‘ಯೂನೋಲ್ಸ್’ ಎಂಬ ಒಕ್ಕೂಟ ಆ ಹಂಚಿಕೆಯನ್ನು ನೋಡಿಕೊಳ್ಳುತ್ತದೆ. ಇದೇ ಒಕ್ಕೂಟ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಿಂದ ‘ಚೀಫ್ ಸೈಂಟಿಸ್ಟ್ ತರಬೇತಿ’ ನಡೆಸುತ್ತಾ ಬಂದಿದೆ. ಪಿಎಚ್‌ಡಿ ಮುಗಿಸುವ ಹಂತದಲ್ಲಿರುವವರು, ಈಗಷ್ಟೇ ಮುಗಿಸಿದವರು, ಹೊಸದಾಗಿ ಪ್ರಾಧ್ಯಾಪಕರಾದವರು ಇದಕ್ಕೆ ಬರುತ್ತಾರೆ.

ಮೊದಲು ದಡದ ಮೇಲೆ ಪಾಠ. ಅರ್ಜಿ ಬರೆಯುವುದು, ದಿನಗಳ ಲೆಕ್ಕ, ಅನುಮತಿಗಳು, ಸಾಮಾನು ಸಾಗಿಸುವ ಬಗೆ. ಹಡಗಿನ ತಂತ್ರಜ್ಞರ ಜೊತೆ ಕೂತು ಮಾತಾಡುತ್ತಾರೆ. ವರ್ಷವಿಡೀ ಅದೇ ವಿಂಚ್, ಅದೇ ತಂತಿಯ ಜೊತೆ ಇರುವ ಜನ ಅವರು. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಆಮೇಲೆ ಕಡಲಿಗೆ. ಕೆಲವೇ ದಿನಗಳ ಯಾನ. ಬಂದವರ ಪ್ರಯೋಗಗಳನ್ನೆಲ್ಲ ಸೇರಿಸಿ ಒಂದೇ ವೇಳಾಪಟ್ಟಿ ಮಾಡಬೇಕು. ಅಲ್ಲಿಂದಲೇ ನಿಜವಾದ ಪಾಠ ಶುರು. ಜೀವಶಾಸ್ತ್ರಜ್ಞೆಗೆ ಬಲೆ ಎಳೆಯಲು ನಡುರಾತ್ರಿಯೇ ಬೇಕು, ಏಕೆಂದರೆ ಹಗಲು ಆಳದಲ್ಲಿ ಅಡಗುವ ಸಣ್ಣ ಜೀವಿಗಳು ಕತ್ತಲಾದ ಮೇಲೆ ಮೇಲಕ್ಕೆ ಬರುತ್ತವೆ. ಕೆಸರು ಬೇಕಾದವನ ಸ್ಟೇಷನ್ ಆ ಹೊತ್ತಿಗೆ ಇನ್ನೊಂದು ದಿಕ್ಕಿನಲ್ಲಿದೆ. ಸರದಿಯ ಮೇಲೆ ಒಬ್ಬೊಬ್ಬರೂ ಮುಖ್ಯ ವಿಜ್ಞಾನಿಯ ಜಾಗದಲ್ಲಿ ಕೂರುತ್ತಾರೆ. ಕ್ಯಾಪ್ಟನ್ ಜೊತೆ ಮಾತಾಡುವುದು, ಮರುದಿನದ ಕೆಲಸದ ಪಟ್ಟಿ ಬರೆದು ಗೋಡೆಗೆ ಅಂಟಿಸುವುದು, ಬದಲಾದರೆ ಎಲ್ಲರಿಗೂ ತಿಳಿಸುವುದು ಅವರ ಹೊಣೆ. ಅನುಭವಿಗಳು ಪಕ್ಕದಲ್ಲೇ ಇರುತ್ತಾರೆ, ಆದರೆ ಕೇಳುವವರೆಗೆ ಬಾಯಿ ಹಾಕದಿರಲು ನೋಡುತ್ತಾರೆ. ತಪ್ಪಾಗಲಿ ಅಂತಲೇ ಇಟ್ಟ ಜಾಗ ಇದು. ಇಲ್ಲಿ ತಪ್ಪಿದರೆ ಹೋಗುವುದು ಕೆಲವು ಗಂಟೆ. ಮುಂದೆ ತಪ್ಪಿದರೆ ಹೋಗುವುದು ಇಡೀ ಯಾನ.

ಆಳಕ್ಕೆ ಇಳಿಯುವ ವಾಹನಗಳಿಗೂ ಇಂಥ ತರಬೇತಿ ಬೇರೆಯಾಗಿ ಇದೆ. 1964ರಿಂದ ಕೆಲಸ ಮಾಡುತ್ತಿರುವ ಅಮೆರಿಕದ ‘ಆಲ್ವಿನ್’ ಎಂಬ ಪುಟ್ಟ ಜಲಾಂತರ್ವಾಹನದಲ್ಲಿ ಮೂವರಿಗೆ ಜಾಗ: ಒಬ್ಬ ಚಾಲಕ, ಇಬ್ಬರು ವಿಜ್ಞಾನಿಗಳು. ಒಂದು ದಿನಕ್ಕೆ ಒಂದೇ ಮುಳುಗು. ಆ ಇಬ್ಬರು ಯಾರು ಎಂದು ಆರಿಸುವುದೂ ಮುಖ್ಯ ವಿಜ್ಞಾನಿಯ ಕೆಲಸವೇ.

ಯುರೋಪಿನಲ್ಲಿ ಬೇರೆ ಬಗೆ. ಯುನೆಸ್ಕೋದ ಬೆಂಬಲದಲ್ಲಿ 1991ರಲ್ಲಿ ‘ತೇಲುವ ವಿಶ್ವವಿದ್ಯಾಲಯ’ ಶುರುವಾಯಿತು. ನಿಜವಾದ ಸಂಶೋಧನೆ ಮಾಡುತ್ತಲೇ ಬೇರೆ ಬೇರೆ ದೇಶದ ವಿದ್ಯಾರ್ಥಿಗಳಿಗೆ ಹಡಗಿನಲ್ಲೇ ಕಲಿಸುವ ಯೋಜನೆ ಅದು.

ಜನರನ್ನು ನೋಡಿಕೊಳ್ಳುವುದು

ತರಬೇತಿಯ ಒಂದು ಭಾಗಕ್ಕೂ ಉಪಕರಣಕ್ಕೂ ಸಂಬಂಧವೇ ಇಲ್ಲ. ಹಡಗಿನಲ್ಲಿ ಬಾಗಿಲು ತೆರೆದು ಮನೆಗೆ ಹೋಗುವಂತಿಲ್ಲ. ಜಗಳವಾದವರ ಎದುರೇ ಮರುದಿನ ಊಟಕ್ಕೆ ಕೂರಬೇಕು. ಕಡಲ ಕಾಯಿಲೆಯಿಂದ ಮೊದಲ ಎರಡು ದಿನ ಏಳಲಾಗದ ವಿದ್ಯಾರ್ಥಿ ಇರುತ್ತಾರೆ, ಅವರ ಪಾಳಿಯನ್ನು ಯಾರು ಮಾಡಬೇಕು? ನಿದ್ದೆಗೆಟ್ಟವರನ್ನು ಭಾರ ಎತ್ತುವ ಕಡೆ ನಿಲ್ಲಿಸಬಾರದು. ಬಿಗಿದ ತಂತಿ ತುಂಡಾದರೆ ಜೀವಕ್ಕೇ ಅಪಾಯ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಪಾಠ ಇನ್ನೂ ಮುಖ್ಯ. ಅಟ್ಲಾಂಟಿಕ್ ಸಾಗರದ ತಳದ ನಕ್ಷೆ ಬರೆದ ಮೇರಿ ಥಾರ್ಪ್ ಅವರಿಗೆ ವರ್ಷಗಟ್ಟಲೆ ಹಡಗು ಹತ್ತಲು ಬಿಡಲಿಲ್ಲ. ಬೇರೆಯವರು ತಂದ ಅಂಕಿಗಳನ್ನು ನೋಡಿಯೇ 1950ರ ದಶಕದಲ್ಲಿ ಅವರು ಸಾಗರದ ನಡುವಿನ ಬಿರುಕನ್ನು ಗುರುತಿಸಿದರು. ನಮ್ಮಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಅದಿತಿ ಪಂತ್ ಮತ್ತು ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ 1983ರಲ್ಲಿ ಹೊರಟ ಅಂಟಾರ್ಕ್ಟಿಕಾ ಯಾತ್ರೆಯಲ್ಲಿದ್ದ ಮೊದಲ ಭಾರತೀಯ ಮಹಿಳೆಯರು. ಈಗ ಹಡಗಿನಲ್ಲಿ ಹೆಣ್ಣುಮಕ್ಕಳು ಇರುವುದು ಸಾಮಾನ್ಯ. ಹಾಗಾಗಿ ಕಿರುಕುಳವಾದರೆ ಯಾರಿಗೆ ಹೇಳಬೇಕು, ದಡದಲ್ಲಿರುವ ಯಾರನ್ನು ನೇರವಾಗಿ ಸಂಪರ್ಕಿಸಬಹುದು ಎನ್ನುವುದನ್ನು ಹೊರಡುವ ಮೊದಲೇ ಎಲ್ಲರಿಗೂ ಬಾಯಿಬಿಟ್ಟು ಹೇಳಬೇಕು ಅಂತ ಹೊಸ ಮುಂದಾಳುಗಳಿಗೆ ಕಲಿಸುತ್ತಾರೆ.

ನಮ್ಮ ಕಡೆಯ ದಾರಿ

ಭಾರತಕ್ಕೂ ಹಡಗುಗಳಿವೆ. ‘ಸಾಗರ್ ಕನ್ಯಾ’ 1983ರಲ್ಲಿ ಜರ್ಮನಿಯಿಂದ ಬಂತು. ಗೋವಾದ ಸಂಸ್ಥೆಯ ‘ಸಿಂಧು ಸಾಧನಾ’ 80 ಮೀಟರ್ ಉದ್ದದ್ದು, 2014ರಿಂದ ಓಡಾಡುತ್ತಿದೆ. 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹೊರಟ ಮೊದಲ ಅಂಟಾರ್ಕ್ಟಿಕಾ ಯಾತ್ರೆಯ 21 ಜನರ ತಂಡಕ್ಕೆ ಮುಂದಾಳಾಗಿದ್ದವರು ಕಡಲ ಜೀವಿಗಳ ವಿಜ್ಞಾನಿ ಎಸ್.ಜೆಡ್. ಖಾಸಿಂ. ಹೈದರಾಬಾದ್‌ನಲ್ಲಿ ಯುನೆಸ್ಕೋ ಮಾನ್ಯತೆಯ ಸಾಗರ ತರಬೇತಿ ಕೇಂದ್ರವೂ ಇದೆ.

ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕಡಲ ಭೂವಿಜ್ಞಾನ ಕಲಿಸುತ್ತಾರೆ. ಅಲ್ಲಿ ಓದಿದ ಹುಡುಗಿ ಅಥವಾ ಹುಡುಗ ಮೊದಲ ಸಲ ಸಂಶೋಧನಾ ಹಡಗು ಹತ್ತಿದಾಗ ಕೈಗೆ ಬರುವುದು ಸಾಮಾನ್ಯವಾಗಿ ಒಂದು ದಾಖಲೆ ಹಾಳೆ ಮತ್ತು ಪೆನ್ಸಿಲ್. ಉಪಕರಣ ನೀರು ಮುಟ್ಟಿದ ಗಂಟೆ, ನಿಮಿಷ. ತಳ ಸೇರಿದ ಹೊತ್ತು. ಯಾವ ಬಾಟಲಿ ಯಾವ ಆಳದಲ್ಲಿ ಮುಚ್ಚಿತು. ಯಾವುದು ಬೆಚ್ಚಗಿತ್ತು. ಹತ್ತು ಸ್ಟೇಷನ್ ಹೀಗೆ ಬರೆದವರಿಗೆ ಹನ್ನೊಂದನೆಯದಕ್ಕೆ ನಿಜವಾಗಿ ಎಷ್ಟು ಹೊತ್ತು ಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.